ಅಕ್ಕ ಹತ್ತದ ಬಸ್ಸು

ಬಳ್ಳಾರಿಯಿಂದ ಕುರುಗೋಡು, ತೆಕ್ಕಲಕೋಟೆ ಹಾಯ್ದು ಸಿರುಗುಪ್ಪಕ್ಕೆ ಹೋಗುತ್ತಿದ್ದ ಸಾವ್ಕಾರರೊಬ್ಬರ ಖಾಸಗಿ ಬಸ್ಸಿನಲ್ಲಿ ಓಡಾಡಿದವರು ಈಗಲೂ ಆ ಸೀಮೆಯಲ್ಲಿ ಇದ್ದಾರೆ. ಕಂಡಕ್ಟರ್ ಎರ್ರಿಸ್ವಾಮಿಯ ಹೆಸರೆತ್ತಿ ನೋಡಿ. ಕೆಲವರು ಕಿವಿ ಮುಚ್ಚಿಕೊಂಡು ನಗುತ್ತಾರೆ. ಕೆಲವರು ನೆಟ್ಟಗೆ ಕೂತು, ‘ಅಂಥ ಮನುಷ್ಯ ಇನ್ನ ಸಿಗಂಗಿಲ್ಲ ಬಿಡ್ರಿ’ ಎನ್ನುತ್ತಾರೆ. ಮೊದಲಿನವರು ಅರವತ್ತರ ದಶಕದಲ್ಲಿ ಆ ಬಸ್ಸು ಹತ್ತಿದವರು, ಎರಡನೆಯವರು ಎಪ್ಪತ್ತರ ದಶಕದಲ್ಲಿ ಹತ್ತಿದವರು. ಮನುಷ್ಯ ಮಾತ್ರ ಒಬ್ಬನೇ. ಮೊದಲಿನವನು ಎರಡನೆಯವನಾಗಲು ಪಟ್ಟ ಪಾಡು ಸಣ್ಣದಲ್ಲ. ಅದನ್ನು ಹೇಳುವಾಗ ಹೆಮ್ಮೆ ಉಕ್ಕಿದರೆ ಉಕ್ಕಲಿ, ಯಾರಪ್ಪನ ಗಂಟೂ ಹೋಗುವುದಿಲ್ಲ.

ಮೊದಲಿನ ಎರ್ರಿಸ್ವಾಮಿಗೆ ಇದ್ದದ್ದು ಬಾಯಲ್ಲ, ಬೆಂಕಿ. ಬಳ್ಳಾರಿಯ ಕೌಲ್ ಬಜಾರಿನ ಶೆಡ್ಡಿನಿಂದ ಬಸ್ಸು ಹೊರಬಿದ್ದ ಕೂಡಲೇ ಶುರುವಾದರೆ ಸಿರುಗುಪ್ಪದಲ್ಲಿ ಇಳಿದು ಚಹಾ ಕುಡಿಯುವವರೆಗೆ ನಿಲ್ಲುತ್ತಿರಲಿಲ್ಲ. ಕನ್ನಡದಲ್ಲಿ ಬೈದದ್ದು ಸಾಲದೆ ಬಂದರೆ ತೆಲುಗಿಗೆ ಹೋಗುತ್ತಿದ್ದ, ಅದೂ ಮುಗಿದರೆ ಉರ್ದು ಇತ್ತು. ಮೆಣಸಿನಕಾಯಿ ಚೀಲ ಬಾಗಿಲಿಗೆ ಅಡ್ಡ ಇಟ್ಟವನಿಗೆ ಒಂದು, ಚಿಲ್ಲರೆ ತರದವನಿಗೆ ಒಂದು, ಇಳಿಯುವಾಗ ಚಪ್ಪಲಿ ಹುಡುಕುವವನಿಗೆ ಇನ್ನೊಂದು. ಅವನ ಬಾಯಿಗೆ ಅಂಜಿ ಆಡು ಸಹ ಬಸ್ಸಿನಲ್ಲಿ ಸೊಲ್ಲೆತ್ತುವುದಿಲ್ಲ ಎಂದು ತೆಕ್ಕಲಕೋಟೆಯವರು ಹೇಳಿಕೊಂಡು ನಗುತ್ತಿದ್ದರು. ಡ್ರೈವರ್ ಹುಲುಗಪ್ಪ ಒಬ್ಬನೇ ಅವನಿಗೆ ಹೆದರದವನು. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ, ಅಷ್ಟೇ.

ಹಾಗಂತ ಎರ್ರಿಸ್ವಾಮಿ ಕೆಟ್ಟವನೇನಲ್ಲ. ಬೈದವನ ಚೀಲವನ್ನು ತಾನೇ ಹೊತ್ತು ಬಸ್ಸಿನ ಮೇಲೆ ಹಾಕುತ್ತಿದ್ದ. ಬಾಯಿ ಜೋರಿಲ್ಲದಿದ್ದರೆ ಈ ದಾರಿಯಲ್ಲಿ ಕಂಡಕ್ಟರ್ ಕೆಲಸ ಆಗುವುದಿಲ್ಲ ಎಂದು ಅವನು ಮನಸಾರೆ ನಂಬಿದ್ದ. ಬಳ್ಳಾರಿಯ ಮನೆಯಲ್ಲಿ ಹೆಂಡತಿ ದಾಕ್ಷಾಯಣಮ್ಮ ಗಂಡನ ಬಾಯಿಯ ವಿಷಯ ಎತ್ತಿದರೆ, ‘ಅದು ಡ್ಯೂಟಿ ಬಾಯಿ, ಮನಿ ಬಾಯಿ ಬ್ಯಾರೆ’ ಎನ್ನುತ್ತಿದ್ದ.

ಅವನಿಗೆ ಹಿಂದೆ ಮುಂದೆ ಇದ್ದವಳು ಅಕ್ಕ ಗುರುಬಸಮ್ಮ ಒಬ್ಬಳೇ. ತಾಯಿ ತಂದೆ ಬೇಗ ಹೋಗಿಬಿಟ್ಟರು. ಕುರುಗೋಡಿನ ಮನೆಯಲ್ಲಿ ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡೇ ಆಕೆ ರೊಟ್ಟಿ ಬಡಿದಳು, ಕೂಲಿಗೆ ಹೋದಳು. ಬಾದನಹಟ್ಟಿಗೆ ಮದುವೆ ಮಾಡಿ ಕೊಟ್ಟಾಗ, ‘ತಮ್ಮನ್ನ ಕರ್ಕಂಡು ಬರ್ತೀನಿ, ಒಪ್ಪಿದ್ರ ತಾಳಿ ಕಟ್ರಿ’ ಎಂದು ಗಂಡಿನವರ ಎದುರಿಗೆ ಹೇಳಿದ ಹೆಣ್ಣು. ಅವನನ್ನು ಸಾಲಿಗೆ ಹಾಕಿ, ಬಸ್ಸಿನ ಕೆಲಸಕ್ಕೆ ಸೇರಿಸಿ, ಹೆಣ್ಣು ನೋಡಿ ಮದುವೆ ಮಾಡಿದವಳೂ ಅವಳೇ. ಅವಳು ದನಿ ಎತ್ತಿ ಮಾತಾಡಿದ್ದನ್ನು ಬಾದನಹಟ್ಟಿಯಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮ ಸೀಮೆಯಲ್ಲಿ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಬರಬೇಕು. ಆ ವರ್ಷ ಎರ್ರಿಸ್ವಾಮಿಗೆ ರಜೆ ಸಿಗಲಿಲ್ಲ. ಹೇಳಿ ಕಳಿಸುವುದಕ್ಕೂ ಆಗಲಿಲ್ಲ. ತಮ್ಮನಿಗೆ ಪುರಸೊತ್ತಿಲ್ಲ ಎಂದು ಗುರುಬಸಮ್ಮ ಮುನಿಸಿಕೊಳ್ಳುವವಳಲ್ಲ. ತಾನೇ ತಮ್ಮನ ಮನೆಗೆ ಹೊರಟಳು. ಬುಟ್ಟಿ ತುಂಬ ಎಳ್ಳುಂಡೆ, ಶೇಂಗಾ ಉಂಡೆ, ಜೋಳದ ಅಳ್ಳು. ಬುಟ್ಟಿಯನ್ನು ತಲೆಯ ಮೇಲಿಟ್ಟು, ಬಿಸಿಲಿಗೆ ಸೆರಗನ್ನು ಮುಖದವರೆಗೆ ಎಳೆದುಕೊಂಡು ಬಾದನಹಟ್ಟಿಯ ನಿಲ್ದಾಣದಲ್ಲಿ ಬಸ್ಸಿಗೆ ಕೈ ಮಾಡಿದಳು.

ಹಬ್ಬದ ಹಿಂದಿನ ದಿನ. ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ಎರ್ರಿಸ್ವಾಮಿ ಒಳಗೆ ಜನರ ನಡುವೆ ಸಿಕ್ಕಿಕೊಂಡು ಟಿಕೆಟ್ ಹರಿಯುತ್ತಿದ್ದ. ಬಸ್ಸು ನಿಂತದ್ದು ನಿಂತೇ ಇದೆ, ಬಾಗಿಲಲ್ಲಿ ಬುಟ್ಟಿ ಹೊತ್ತ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಿದ್ದಾಳೆ. ಸೀರೆಯ ಅಂಚು ಮೆಟ್ಟಿಲ ತಗಡಿಗೆ ಸಿಕ್ಕಿತ್ತು, ತಲೆಯ ಮೇಲೆ ಬುಟ್ಟಿ ಇದ್ದುದರಿಂದ ಬಗ್ಗಿ ಬಿಡಿಸಿಕೊಳ್ಳುವ ಹಾಗಿರಲಿಲ್ಲ. ಎರ್ರಿಸ್ವಾಮಿಗೆ ಕಂಡದ್ದು ಬುಟ್ಟಿ ಮತ್ತು ಸೆರಗು.

“ಏಯ್ ಮುದುಕಿ! ಹತ್ತಿದ್ರ ಹತ್ತು, ಇಲ್ಲಂದ್ರ ಅತ್ಲಾಗ ಹೋಗಿ ಸಾಯಿ. ಏನು ನಿಮ್ಮಪ್ಪನ ಬಸ್ಸಂತ ತಿಳ್ಕಂಡೀಯೇನು?”

ಅದರ ಹಿಂದೆ ಇನ್ನೆರಡು ಮಾತು ಅಂದ. ಅವನ್ನು ಇಲ್ಲಿ ಬರೆಯುವಂತಿಲ್ಲ. ಬಸ್ಸಿನವರು ನಕ್ಕರು.

ಹೆಂಗಸು ಕಾಲು ಹಿಂದಕ್ಕೆ ತೆಗೆದಳು. ಸೀರೆ ಪರ್ರೆಂದು ಹರಿಯಿತು. ಬುಟ್ಟಿ ಕೆಳಗಿಳಿಸಿ, ಸೆರಗು ಸರಿಸಿ ಅವನ ಮುಖ ನೋಡಿದಳು.

“ಅಪ್ಪ ನಮ್ಮಿಬ್ರಿಗೂ ಒಬ್ಬನ ಅಲ್ಲೇನೋ ಎರ್ರಿಸ್ವಾಮಿ,” ಎಂದಳು. ದನಿ ಎತ್ತಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಊರ ಕಡೆ ತಿರುಗಿ ನಡೆದಳು.

ಅವನು ಜಿಗಿದು ಹಿಂದೆ ಓಡಿದ. ಕೂಗಿದ. ಆಕೆ ತಿರುಗಲಿಲ್ಲ. ಹುಲುಗಪ್ಪ ಹಾರ್ನ್ ಬಾರಿಸುತ್ತಿದ್ದ, ಬಸ್ಸಿನವರು ಕೂಗುತ್ತಿದ್ದರು. ಎರ್ರಿಸ್ವಾಮಿ ಬಸ್ಸಿಗೆ ವಾಪಸ್ಸು ಬಂದ. ಆ ದಿನ ಮನೆಗೆ ಬಂದವನು ಮರುದಿನ ಹಬ್ಬದ ಊಟಕ್ಕೂ ಕೂರಲಿಲ್ಲ.

ವಾರದ ರಜೆ ಸಿಕ್ಕ ಕೂಡಲೇ ಬಾದನಹಟ್ಟಿಗೆ ಓಡಿದ. ಗುರುಬಸಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನಿಗೆ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಅವನು ತಟ್ಟೆ ಮುಟ್ಟದೆ ಅಕ್ಕನ ಕಾಲು ಹಿಡಿದು ಕೂತ.

“ನೀನಂತ ಗೊತ್ತಿರಲಿಲ್ಲಕ್ಕಾ. ನನ್ನ ಲಿಂಗದಾಣೆ ಗೊತ್ತಿರಲಿಲ್ಲ. ಗೊತ್ತಿದ್ರ ಅಂತಿದ್ನೇನು?”

“ಅದ ನನ್ನ ಎದ್ಯಾಗ ಕುಂತೈತಿ ನೋಡು,” ಎಂದಳು ಗುರುಬಸಮ್ಮ. “ನನಗ ಅಂದಿ ಅಂತ ನನಗ ಸಿಟ್ಟಿಲ್ಲ. ನಾನು ಅಕ್ಕ ಅಂತ ತಿಳಿದ ಮ್ಯಾಲೆ ಕಾಲು ಹಿಡೀತಿ. ಅದು ಬ್ಯಾರೆ ಯಾರೋ ಆಗಿದ್ರ? ಆಕಿ ಹರಕು ಸೀರಿ ಹಿಡ್ಕಂಡು ಮನಿಗಿ ಹೋಗ್ತಿದ್ಲು, ನೀನು ರೈಟ್ ಅಂತಿದ್ದಿ. ನಾನು ಸಾಕಿದ ಹುಡುಗ ಹಿಂಗ ಆದ್ನಲ್ಲ ಅಂತ ನಾಚಿಕಿ ಆಗೈತಿ ನನಗ.”

“ಇನ್ನ ಮ್ಯಾಲೆ ಯಾರಿಗೂ ಅನ್ನಂಗಿಲ್ಲಕ್ಕಾ.”

“ನೀ ಹೇಳಿದ್ರ ಆತೇನು? ಮಂದಿ ಹೇಳ್ಲಿ. ಅಕ್ಕ ಅಲ್ಲದಾಕಿಗೆ ನಿನ್ನ ಬಸ್ಸಿನಾಗ ಮರ್ಯಾದಿ ಐತಿ ಅಂತ ಕಿವಿಗೆ ಬಿದ್ದ ದಿನ ನಾನೂ ಹತ್ತೀನಿ. ಅಲ್ಲಿ ಮಟ ನಿನ್ನ ಮನಿಗೂ ಬರಂಗಿಲ್ಲ, ನಿನ್ನ ಬಸ್ಸೂ ಹತ್ತಂಗಿಲ್ಲ. ಈಗ ಉಣ್ಣು.”

ಅವನು ಉಂಡ. ಅಕ್ಕನ ಮಾತು ಮೀರಿ ಏಳುವ ಧೈರ್ಯ ಅವನಿಗೆ ಇರಲಿಲ್ಲ. ಅಂದಿನಿಂದ ಗುರುಬಸಮ್ಮ ಬಳ್ಳಾರಿಗೆ ಹೋಗಬೇಕಾದರೆ ಮೆಣಸಿನಕಾಯಿ ಹೇರಿದ ಗಾಡಿಯ ಮೇಲೆ ಕೂತು ಹೋಗುತ್ತಿದ್ದಳು. ಎರ್ರಿಸ್ವಾಮಿಯ ಬಸ್ಸು ಆ ಗಾಡಿಯನ್ನು ಹಿಂದೆ ಹಾಕಿ ಧೂಳೆಬ್ಬಿಸಿಕೊಂಡು ಹೋಗುವಾಗ ಅವನು ಬಾಗಿಲು ಬಿಟ್ಟು ಒಳಗೆ ಸರಿಯುತ್ತಿದ್ದ.

ಹೇಳುವುದು ಹಗುರ, ಬಾಯಿ ಕಟ್ಟುವುದು ಹಗುರವಲ್ಲ. ಮುಂಜಾನೆ ಇವತ್ತು ಬೈಯುವುದಿಲ್ಲ ಎಂದುಕೊಂಡು ಹೊರಟರೆ ಕುರುಗೋಡು ಬರುವಷ್ಟರಲ್ಲಿ ಆಣೆ ಮುರಿದು ಬಿದ್ದಿರುತ್ತಿತ್ತು. ತಂಬಾಕು ಬಿಡುವವರು ಅಡಿಕೆ ಜಗಿಯುತ್ತಾರಲ್ಲ, ಹಾಗೆ ಬೈಗುಳ ಬಂದಾಗ ಅಡಿಕೆ ಜಗಿದು ನೋಡಿದ. ಅಡಿಕೆ ಉಗುಳಿ ಬೈದ. ಕೊನೆಗೆ ದಾಕ್ಷಾಯಣಮ್ಮನೇ ಹೇಳಿದಳು: “ಕೊಳ್ಳಾಗ ಲಿಂಗ ಐತಿ. ಅದಕ್ಕ ಮುಂಜಾನಿ ನೀರು ತೋರಿಸಿ ಓಡಿ ಹೋಗ್ತೀರಿ. ಒಂದಿಷ್ಟು ಹೊತ್ತು ಕುಂದ್ರರಿ ನೋಡಮು.”

ಕುಂತ. ಮೊದಲ ಬಸ್ಸಿಗೆ ಹೋಗುವ ಮುಂಚೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ನೆಟ್ಟು ಕುಂತ. ಹಿರಿಯರು ಎಷ್ಟು ಸಲೀಸಾಗಿ ಕೂರುತ್ತಾರೆ, ಎರ್ರಿಸ್ವಾಮಿಗೆ ಅದು ಭರ್ತಿ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತದ್ದಕ್ಕಿಂತ ಕಷ್ಟವಾಯಿತು. ಪಂಚಾಕ್ಷರಿ ಎರಡು ಸಲ ಅನ್ನುವುದರೊಳಗೆ ಮನಸ್ಸು ಬಸ್ಸು ಹತ್ತಿರುತ್ತಿತ್ತು. ನಿನ್ನೆ ಜಗಳಾಡಿದವನಿಗೆ ಅನ್ನಬೇಕಾಗಿದ್ದ ಮಾತು ಈಗ ಹೊಳೆಯುತ್ತಿತ್ತು. ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಮನಸ್ಸಿನಲ್ಲಿ ಬೈದು ಮುಗಿಸಿ, ಹಗುರಾಗಿ ಏಳುತ್ತಿದ್ದ. ಇದು ಪೂಜೆಯಲ್ಲ ಎಂದು ಅವನಿಗೂ ಗೊತ್ತಾಗುತ್ತಿತ್ತು. ಆದರೆ ಬಿಡಲಿಲ್ಲ, ಅದನ್ನು ಮೆಚ್ಚಬೇಕು.

ಮರುವರ್ಷದ ಪಂಚಮಿಗೂ ಅಕ್ಕ ಬರಲಿಲ್ಲ. ಅದರ ಮಾರನೆಯ ವರ್ಷ ಎರ್ರಿಸ್ವಾಮಿಗೆ ತಾಳ್ಮೆ ಕೆಟ್ಟಿತು. ಬಾಯಿಯನ್ನು ಪಳಗಿಸುವುದು ಆಗದಿದ್ದರೆ ಮುಚ್ಚಿಯೇ ಬಿಡೋಣ ಎಂದು ಶ್ರಾವಣ ಸೋಮವಾರ ಮೌನವ್ರತ ಹಿಡಿದ. ಮನೆಯಲ್ಲಿ ಕೂತು ಹಿಡಿಯುವ ಮೌನ ಎಲ್ಲರೂ ಕಂಡದ್ದೇ. ಓಡುವ ಬಸ್ಸಿನಲ್ಲಿ ಕಂಡಕ್ಟರ್ ಮೌನ ಹಿಡಿದದ್ದು ಬಳ್ಳಾರಿ ಸೀಮೆಯಲ್ಲಿ ಅದೇ ಮೊದಲು, ಅದೇ ಕಡೆ.

ನೋಡಲು ಮಂದಿ ಮುಗಿಬಿದ್ದರು. ಎರ್ರಿಸ್ವಾಮಿ ಬಾಯಿ ಬಿಗಿದುಕೊಂಡು ಕೈಸನ್ನೆಯಲ್ಲಿ ಟಿಕೆಟ್ ಕೊಟ್ಟ. ಮಂದಿ ಬೇಕಂತಲೇ ಕೆಣಕಿದರು. ಅವನು ಹಲ್ಲು ಕಚ್ಚಿದ. ಬಾಯಿ ಮುಚ್ಚಿತ್ತು ನಿಜ. ಸಿಟ್ಟೆಲ್ಲ ಊದುವ ಸೀಟಿಯೊಳಕ್ಕೆ ಇಳಿದಿತ್ತು. ಆ ದಿನ ಅವನು ಸೀಟಿ ಊದಿದ ರೀತಿಗೆ ಹುಲುಗಪ್ಪನಿಗೂ ಮೊದಲ ಸಲ ಕಿವಿ ಕೇಳಿಸಿತು. ಆದರೂ ಸಿರುಗುಪ್ಪ ಮುಟ್ಟುವ ತನಕ ಒಂದು ಶಬ್ದ ಆಡಲಿಲ್ಲ, ಒಳಗೊಳಗೆ ಉಬ್ಬಿಹೋದ. ಅಕ್ಕನಿಗೆ ಸುದ್ದಿ ಮುಟ್ಟೀತು ಎಂದುಕೊಂಡ.

ತಿರುಗಿ ಬರುವಾಗ ತೆಕ್ಕಲಕೋಟೆಯಲ್ಲಿ ಜಡೆಮ್ಮ ಎಂಬ ಮುದುಕಿ ಹತ್ತಿದಳು. ಕಣ್ಣಿಗೆ ಪೊರೆ ಬಂದಿತ್ತು. ಕೂರಲು ಜಾಗವಿಲ್ಲದೆ ಚೀಲಗಳ ನಡುವೆ ಕೆಳಗೇ ಕೂತಳು. ಕುರುಗೋಡಿನಲ್ಲಿ ಅವಳ ತಂಗಿ ತೀರಿಕೊಂಡಿದ್ದಳು, ಮಣ್ಣು ಮಾಡುವುದರೊಳಗೆ ಮುಟ್ಟಬೇಕೆಂದು ಹೊರಟಿದ್ದಳು.

“ಕುರುಗೋಡು ಬಂದ್ರ ಹೇಳ್ತೀಯೇನಪಾ? ನನಗ ಕಣ್ಣು ಕಾಣಂಗಿಲ್ಲ,” ಎಂದು ಕೇಳಿದಳು.

ಎರ್ರಿಸ್ವಾಮಿ ಅವಳ ಭುಜ ಮುಟ್ಟಿ ಹೂಂ ಎನ್ನುವಂತೆ ತಟ್ಟಿದ. ಮುದುಕಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ಬೇರೆ ದಿನವಾಗಿದ್ದರೆ ‘ಕುರುಗೋಡು, ಕುರುಗೋಡು ಇಳಿಯೋರು’ ಎಂಬ ಅವನ ಕೂಗಿಗೆ ಮಲಗಿದ ಕೂಸು ಏಳುತ್ತಿತ್ತು. ಆ ದಿನ ಕೂಗಿಲ್ಲ. ಬಸ್ಸು ನಿಂತಿತು, ಜನ ದಬದಬ ಇಳಿದರು. ಎರ್ರಿಸ್ವಾಮಿ ಬಾಗಿಲಲ್ಲಿ ನಿಂತು ಮುದುಕಿ ಇದ್ದ ಕಡೆ ಕೈ ಮಾಡಿ ಸೀಟಿ ಊದಿದ. ಕಣ್ಣು ಕಾಣದವಳಿಗೆ ಕೈಸನ್ನೆ ಮಾಡಿದ್ದು ಅವನಿಗೆ ಹೊಳೆಯಲೇ ಇಲ್ಲ. ನುಗ್ಗಲಿನಲ್ಲಿ ಇಳಿದಿರಬೇಕು ಎಂದುಕೊಂಡು ಮತ್ತೆ ಸೀಟಿ ಊದಿದ, ಬಸ್ಸು ಹೊರಟಿತು.

ಬಳ್ಳಾರಿ ಹತ್ತಿರ ಬಂದಾಗ ಚೀಲ ಸರಿಸಿದರೆ ಜಡೆಮ್ಮ ಅಲ್ಲೇ ಕೂತಿದ್ದಾಳೆ. “ಇನ್ನೂ ಕುರುಗೋಡು ಬರ್ಲಿಲ್ಲೇನಪಾ?” ಎಂದಳು. ಪಕ್ಕದವರು ಬಳ್ಳಾರಿ ಬಂತೆಂದು ಹೇಳಿದರು. ಮುದುಕಿ, “ಆ ಕಂಡಕ್ಟರಗ ಏನೂ ಅನಬ್ಯಾಡ್ರಿ. ಪಾಪ, ಮೂಗ ಅದಾನ,” ಎಂದಳು.

ಎರ್ರಿಸ್ವಾಮಿಯ ವ್ರತ ಅಲ್ಲಿಗೆ ಮುಗಿಯಿತು. “ನಾನು ಮೂಗ ಅಲ್ಲಬೇ,” ಎಂದ. ಅಷ್ಟು ಹೇಳುವಾಗ ಅವನಿಗೆ ಅಳು ಬಂತು.

ಮುಂದಿನ ಟ್ರಿಪ್ಪಿಗೆ ಬೇರೆಯವರನ್ನು ಕಳಿಸಿ, ಸಾವ್ಕಾರರ ಬೈಗುಳ ತಿಂದು, ಸಿಕ್ಕ ಲಾರಿಯಲ್ಲಿ ಮುದುಕಿಯನ್ನು ಕೂರಿಸಿಕೊಂಡು ಕುರುಗೋಡಿಗೆ ಹೋದ. ಅವರು ಮುಟ್ಟಿದಾಗ ಮಣ್ಣು ಆಗಿಹೋಗಿತ್ತು. ಜಡೆಮ್ಮ ಹೊಸ ಮಣ್ಣಿನ ಮೇಲೆ ಕೈ ಆಡಿಸಿ ತಂಗಿಯ ಹೆಸರು ಹಿಡಿದು ಕರೆದಳು. ಎರ್ರಿಸ್ವಾಮಿ ದೂರದಲ್ಲಿ ನಿಂತಿದ್ದ. ಹಿಂದೆ ಎಷ್ಟೋ ಜನರನ್ನು ಬೈದು ನೋಯಿಸಿದ್ದ, ಈ ಸಲ ಬಾಯಿ ಮುಚ್ಚಿ ನೋಯಿಸಿದ್ದ. ಯಾವುದು ಹೆಚ್ಚು ಎಂದು ಅವನಿಗೆ ತಿಳಿಯಲಿಲ್ಲ.

ಅಲ್ಲಿಂದ ನೇರ ಕುರುಗೋಡಿನ ಹಳೇ ಮಠಕ್ಕೆ ಹೋದ. ಅಲ್ಲಿದ್ದ ವಯಸ್ಸಾದ ಅಯ್ಯನವರು ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆಯುತ್ತಿದ್ದರು. ಎಲ್ಲ ಕೇಳಿದರು.

“ಮೌನ ಹಿಡಿ ಅಂತ ನಿನಗ ಯಾರು ಹೇಳಿದ್ರು?”

“ಯಾರೂ ಇಲ್ರಿ. ನಾನ ಹಿಡ್ದೆ.”

“ಬಸ್ಸಿನಾಗ ಕಂಡಕ್ಟರು ಮೌನ ಹಿಡಿಯೋದಂದ್ರ ಬಾವಿ ನೀರು ಕೊಡಂಗಿಲ್ಲ ಅಂತ ವ್ರತ ಹಿಡಿದಂಗ. ಯಾರಿಗೆ ಬೇಕಾಗೈತಪಾ ಅದು? ನಿನ್ನ ಹೆಸರಿಗೆ ಬೇಕಾಗಿತ್ತು. ಅಕ್ಕಗ ಸುದ್ದಿ ಮುಟ್ಲಿ ಅಂತ ಹಿಡ್ದಿ. ಹೌದೋ ಅಲ್ಲೋ?”

“ಹೌದ್ರಿ,” ಎಂದ ಎರ್ರಿಸ್ವಾಮಿ.

“ಮುಂಜಾನಿ ಕುಂತಾಗ ಬೈಗುಳ ಬರ್ತಾವಂದಿ. ಬರ್ಲಿ. ನುಂಗಬ್ಯಾಡ, ಉಗುಳಬ್ಯಾಡ. ನೋಡು. ಅಂಗೈಯಾಗ ಲಿಂಗ ನೋಡ್ತೀಯಲ್ಲ, ಅದರ ಮಗ್ಗಲಿಗೇ ಅದನ್ನೂ ಇಟ್ಟು ನೋಡು. ಯಾರ ಮ್ಯಾಲೆ ಬಂತು, ಯಾಕ ಬಂತು ಅಂತ ನೋಡು. ಹಂಗ ನೋಡಿದ್ರ ಹೋಗ್ತೈತೇನು ಅಂತ ನನ್ನ ಕೇಳಬ್ಯಾಡ. ನಂದೂ ಇನ್ನೂ ಎಲ್ಲ ಹೋಗಿಲ್ಲ.”

ಅಯ್ಯನವರು ಅಷ್ಟು ಹೇಳಿ ಪ್ರಸಾದಕ್ಕೆ ಎಬ್ಬಿಸಿದರು. ಅವನು ಮರುದಿನದಿಂದ ಹಾಗೇ ಕೂತ. ಬೈಗುಳ ಬಂದರೆ ಓಡಿಸಲು ಹೋಗಲಿಲ್ಲ. ನೋಡುತ್ತ ಕೂತರೆ ಒಂದೊಂದು ಬೈಗುಳದ ಹಿಂದೆ ಏನೇನೋ ಕಾಣತೊಡಗಿತು. ಟ್ರಿಪ್ಪು ತಡವಾದರೆ ಸಾವ್ಕಾರರು ಎಲ್ಲರೆದುರು ತನ್ನ ಮಾನ ಕಳೆಯುತ್ತಾರೆಂಬ ಹೆದರಿಕೆ ಕಂಡಿತು. ಅಪ್ಪ ಅವ್ವ ಇಲ್ಲದವನೆಂದು ಸಾಲೆಯಲ್ಲಿ ಹುಡುಗರು ಆಡಿಕೊಂಡಾಗ ಬಾಯಿಯೊಂದನ್ನೇ ಹತಾರ ಮಾಡಿಕೊಂಡದ್ದು ಕಂಡಿತು. ಹೆದರಿದವನೇ ಬೈಯುತ್ತಿದ್ದಾನೆ ಎಂದು ಒಂದು ಮುಂಜಾನೆ ಅವನಿಗೆ ಮನವರಿಕೆಯಾಯಿತು. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಕಂಡುಕೊಂಡದ್ದು. ಅದನ್ನು ಕಂಡ ದಿನ ಅವನು ದಾಕ್ಷಾಯಣಮ್ಮನಿಗೆ ಹೇಳಲು ಹೋಗಿ, ಹೇಳಲು ಬಾರದೆ, ಉಪ್ಪಿಟ್ಟು ಚೆನ್ನಾಗಿದೆ ಎಂದು ಹೇಳಿ ಹೊರಟುಹೋದ.

ಬಸ್ಸಿನಲ್ಲಿ ಅದನ್ನು ಬಳಸುವ ಉಪಾಯವೂ ಅವನದೇ. ಕಂಡಕ್ಟರುಗಳು ನೋಟುಗಳನ್ನು ಉದ್ದಕ್ಕೆ ಮಡಿಚಿ ಎಡಗೈ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾರೆ. ಮುಂಜಾನೆ ಲಿಂಗ ಹಿಡಿದದ್ದೂ ಅದೇ ಅಂಗೈ. ನಾಲಿಗೆ ತುದಿಗೆ ಬೆಂಕಿ ಬಂದಾಗ ಆ ಅಂಗೈಯನ್ನು ಒಮ್ಮೆ ನೋಡಿಕೊಳ್ಳುವುದು, ಮಾತನ್ನು ಅಲ್ಲಿಟ್ಟು ನೋಡುವುದು, ಆಮೇಲೆ ಆಡುವುದು. ಕಂಡಕ್ಟರ್ ಹಣ ನೋಡಿಕೊಳ್ಳುತ್ತಿದ್ದಾನೆ ಎಂದೇ ಮಂದಿ ತಿಳಿದರು. ಮೊದಮೊದಲು ಹತ್ತರಲ್ಲಿ ಎಂಟು ಸಲ ಮಾತು ಅಂಗೈಗೆ ಮುಟ್ಟುವ ಮೊದಲೇ ಬಾಯಿಂದ ಹಾರಿಬಿಡುತ್ತಿತ್ತು. ಆಗ ಬೈಸಿಕೊಂಡವನ ಹತ್ತಿರ ಹೋಗಿ, “ತಪ್ಪಾತಣ್ಣ, ಬಾಯಿ ಜಾರ್ತು,” ಎನ್ನುತ್ತಿದ್ದ. ಬೈಗುಳಕ್ಕೆ ಒಗ್ಗಿದ್ದ ಮಂದಿಗೆ ಇದು ಕೇಳಿ ಗಾಬರಿಯಾಗುತ್ತಿತ್ತು. ವರ್ಷಗಳು ಕಳೆದ ಹಾಗೆ ಬಾಯಿ ಜಾರುವುದು ಕಡಿಮೆಯಾಯಿತು. ಊರುಗಳ ಹೆಸರನ್ನು ಮಾತ್ರ ಹಿಂದಿಗಿಂತ ಜೋರಾಗಿ ಕೂಗುತ್ತಿದ್ದ. ಕಣ್ಣು ಮಂಜಾದವರು, ಮುದುಕರು ಹತ್ತಿದರೆ ಅವರು ಇಳಿಯುವ ಊರಲ್ಲಿ ತಾನೇ ಹತ್ತಿರ ಹೋಗಿ ಕೈ ಹಿಡಿದು ಇಳಿಸುತ್ತಿದ್ದ.

ಅಕ್ಕನಿಗೆ ಇದೆಲ್ಲ ಕೇಳಿಸಿರಬೇಕು. ಅವನೇ ಹಬ್ಬಕ್ಕೆ ಕರೆಯಲು ಹೋದರೆ ಗುರುಬಸಮ್ಮ ನಕ್ಕು, ಬಡಿಸಿ, “ಇನ್ನೂ ನೋಡಮು ತಡಿ,” ಎನ್ನುತ್ತಿದ್ದಳು. ಅವಳ ತಲೆ ಬೆಳ್ಳಗಾಗಿತ್ತು. ಅವನಿಗೆ ಒಳಗೆ ಸಂಕಟ. ಇನ್ನೆಷ್ಟು ನೋಡುತ್ತಾಳೆ ಎಂದು ಬಸ್ಸಿನಲ್ಲಿ ಹುಲುಗಪ್ಪನ ಮುಂದೆ ಗೋಳು ತೋಡಿಕೊಳ್ಳುತ್ತಿದ್ದ. ಹುಲುಗಪ್ಪ, “ನಿಮ್ಮಕ್ಕ ಜೋಳ ಹಸನು ಮಾಡಾಕಿ. ಒಂದು ಕಲ್ಲು ಉಳಿದ್ರೂ ಬಿಡಾಕಿ ಅಲ್ಲ,” ಎಂದು ಗೇರ್ ಬದಲಿಸುತ್ತಿದ್ದ.

ಎಪ್ಪತ್ತರ ದಶಕದ ನಡುವಿನ ಒಂದು ನಾಟಿಯ ಕಾಲ. ಸಿರುಗುಪ್ಪದ ಗದ್ದೆಗಳಿಗೆ ನಾಟಿಗೆ ಹೋಗಲು ಊರಮ್ಮ ಎಂಬ ಕೂಲಿ ಹೆಣ್ಣುಮಗಳು ಹಸುಗೂಸು ಎತ್ತಿಕೊಂಡು ಬಳ್ಳಾರಿಯಲ್ಲೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬಸ್ಸು ಕುರುಗೋಡಿಗೆ ಬಂತು. ಮರಿಬಸಪ್ಪಗೌಡ ಹತ್ತಿದ. ಆ ಕಡೆ ಹೊಲಗದ್ದೆ ಇದ್ದವನು, ಬಸ್ಸಿನ ಸಾವ್ಕಾರರಿಗೆ ಬೇಕಾದವನು. ಮುಂದಿನ ಸೀಟು ತನ್ನದೇ ಎಂಬುದು ಅವನಿಗೆ ರೂಢಿ.

“ಎಬ್ಬಿಸಲೇ ಆಕಿನ್ನ,” ಎಂದ ಗೌಡ.

ಊರಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಆಗಲೇ ಅರ್ಧ ಎದ್ದಿದ್ದಳು. ಅಂಥವರಿಗೆ ಏಳುವುದೂ ರೂಢಿಯೇ. ಎರ್ರಿಸ್ವಾಮಿ, “ಕುಂದ್ರವ್ವಾ,” ಎಂದ. ಗೌಡನ ಕಡೆ ತಿರುಗಿ, “ಆಕಿ ಮೊದ್ಲು ಬಂದು ಕುಂತಾಳ್ರಿ ಗೌಡ್ರ. ಹಸುಗೂಸು ಐತಿ. ನಿಮಗ ಹಿಂದ ಜಾಗ ಮಾಡಿಸಿಕೊಡ್ತೀನಿ, ಬರ್ರಿ,” ಎಂದ.

“ಕೂಲಿಯಾಕಿ ಮುಂದ, ನಾನು ಹಿಂದ? ಬಾಯಿ ಬಂತೇನಲೇ ನಿನಗ?”

“ಬಾಯಿ ಮೊದ್ಲಿಂದಾನೂ ಐತ್ರಿ. ಮಾತಾಡಾಕ ಈಗ ಕಲ್ತೀನಿ.”

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ಗೌಡನಿಗೆ ರೇಗಿತು. ಎರ್ರಿಸ್ವಾಮಿಯ ಸತ್ತ ತಾಯಿಯನ್ನು ಎಳೆದು ಒಂದು ಮಾತು ಅಂದ. ಹಳೇ ಎರ್ರಿಸ್ವಾಮಿಗೆ ಇಂಥ ಮಾತು ಅಂದು ಬಸ್ಸಿನಿಂದ ಸುಮ್ಮನೆ ಇಳಿದು ಹೋದವನು ಯಾರೂ ಇರಲಿಲ್ಲ. ಕನ್ನಡ, ತೆಲುಗು, ಉರ್ದು ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಅವನು ಎಡ ಅಂಗೈ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ.

“ಗೌಡ್ರ, ನಮ್ಮವ್ವನ್ನ ನೀವು ಕಂಡಿಲ್ಲ, ನನಗೂ ನೆನಪಿಲ್ಲ,” ಎಂದ ಎರ್ರಿಸ್ವಾಮಿ ಮೆಲ್ಲಗೆ. “ಆಕಿನ್ನ ಬಿಟ್ಬಿಡ್ರಿ. ಈ ಹೆಣ್ಮಗಳು ಮಾತ್ರ ಏಳಂಗಿಲ್ಲ. ಆಕಿನ್ನ ಎಬ್ಬಿಸಿ ಈ ಬಸ್ಸು ಮುಂದ ಹೋಗಂಗಿಲ್ಲ.”

ಹುಲುಗಪ್ಪ ಇಂಜಿನ್ ಆರಿಸಿದ. ಅವನಿಗೆ ಎಲ್ಲ ಕೇಳಿಸಿತ್ತು. ಬಸ್ಸಿನಿಂದ ಯಾರೂ ಇಳಿಯಲಿಲ್ಲ. ಗೌಡ ಅತ್ತಿತ್ತ ನೋಡಿದ. ತನ್ನ ಪರವಾಗಿ ಒಂದು ಮುಖವೂ ಕಾಣದೆ, ನಿನ್ನ ಕೆಲಸ ಕಳೆಯುತ್ತೇನೆಂದು ಹೇಳಿ ಇಳಿದುಹೋದ. ಊರಮ್ಮ ಸಿರುಗುಪ್ಪದವರೆಗೆ ಸೀಟಿನ ತುದಿಯಲ್ಲೇ ಕೂತಿದ್ದಳು, ಆದರೂ ಕೂತಿದ್ದಳು.

ಗೌಡ ಹೇಳಿದ್ದನ್ನು ಮಾಡಿದ. ಸಾವ್ಕಾರರು ಎರ್ರಿಸ್ವಾಮಿಯನ್ನು ಕರೆಸಿ, ಗೌಡರ ಕಾಲು ಮುಟ್ಟಿ ಬಾ, ಇಲ್ಲವಾದರೆ ಬ್ಯಾಗು ಇಟ್ಟು ಹೋಗು ಎಂದರು. ಅವನು ಬ್ಯಾಗು ಇಟ್ಟ. ಅಷ್ಟು ವರ್ಷ ದುಡಿದವನೆಂದು ಸಾವ್ಕಾರರ ಮನಸ್ಸು ಅರ್ಧ ಕರಗಿ, ಶೆಡ್ಡಿನಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು. ಮುಂದೆ ಅವನನ್ನು ಮತ್ತೆ ಕಂಡಕ್ಟರ್ ಮಾಡಿದರು, ಆ ದಾರಿಯ ಮಂದಿ ಬಂದು ಕೇಳಿದ್ದಕ್ಕೇ ಮಾಡಿದರು. ಎಂಬತ್ತರ ದಶಕದ ಕೊನೆಯವರೆಗೆ ಅವನು ಅದೇ ದಾರಿಯಲ್ಲಿ ದುಡಿದ. ಆದರೆ ದೊಡ್ಡ ಮಾತು ಅದಲ್ಲ. ದೊಡ್ಡ ಮಾತು ನಡೆದದ್ದು ಅವನು ಬಕೆಟ್ಟು ಹಿಡಿದಿದ್ದಾಗ.

ಕೌಲ್ ಬಜಾರಿನ ಆ ಶೆಡ್ಡಿನ ಸುತ್ತ ವೆಲ್ಡಿಂಗ್ ಅಂಗಡಿಗಳ ಸದ್ದು, ಟೈರಿನ ವಾಸನೆ. ಎರ್ರಿಸ್ವಾಮಿ ಪ್ಯಾಂಟು ಮಡಿಚಿಕೊಂಡು ಬಸ್ಸಿನ ಮೆಟ್ಟಿಲು ಉಜ್ಜುತ್ತಿದ್ದ. ಮುಖದಲ್ಲಿ ಸಂಕಟವಿರಲಿಲ್ಲ. ಮುಂಜಾನೆ ಕೂರುವುದನ್ನು ಬಿಟ್ಟಿರಲಿಲ್ಲ, ಸಾವ್ಕಾರರ ಮೇಲಿನ ಸಿಟ್ಟನ್ನೂ ಗೌಡನ ಮೇಲಿನ ಸಿಟ್ಟನ್ನೂ ಅಂಗೈಯಲ್ಲಿಟ್ಟು ನೋಡಿ ನೋಡಿ ಸವೆಸಿದ್ದ. ಒಂದು ಕೊರಗು ಮಾತ್ರ ಸವೆದಿರಲಿಲ್ಲ. ಅಕ್ಕನನ್ನು ಹತ್ತಿಸಿಕೊಳ್ಳಲು ಈಗ ತನಗೆ ಬಸ್ಸೇ ಇಲ್ಲ ಎಂಬ ಕೊರಗು.

ತಲೆ ಎತ್ತಿದರೆ ಶೆಡ್ಡಿನ ಬಾಗಿಲಲ್ಲಿ ಗುರುಬಸಮ್ಮ ನಿಂತಿದ್ದಾಳೆ. ಮೆಣಸಿನಕಾಯಿ ಗಾಡಿಯಲ್ಲಿ ಬಂದು ಸೀರೆಯೆಲ್ಲ ಕೆಂಪು ಧೂಳಾಗಿತ್ತು. ಅವನು ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ ಎದ್ದ. ಮೇಸ್ತ್ರಿಗಳು ಸ್ಪಾನರ್ ಕೆಳಗಿಟ್ಟು ನೋಡಿದರು.

“ಆ ಊರಮ್ಮ ನಿನಗ ಏನಾಗಬ್ಯಾಕೋ?” ಎಂದು ಕೇಳಿದಳು.

“ಏನೂ ಆಗ್ಬೇಕಿಲ್ಲಕ್ಕಾ. ಆಕಿ ಯಾರಂತನೂ ಗೊತ್ತಿರಲಿಲ್ಲ.”

“ನಿನ್ನ ಬಾಯಿಂದ ಅಷ್ಟು ಕೇಳಾಕ ಬಂದೆ,” ಎಂದಳು ಗುರುಬಸಮ್ಮ. ಬಸ್ಸಿನ ಕಡೆ ನಡೆದು, ಮೆಟ್ಟಿಲ ಮುಂದೆ ನಿಂತು ಕೈ ಚಾಚಿದಳು.

“ಅಕ್ಕಾ, ಇದು ಹೊಂಡಂಗಿಲ್ಲ. ತೊಳಿಯಾಕ ನಿಲ್ಸ್ಯಾರ. ಡ್ರೈವರ್ ಇಲ್ಲ. ನಾನೂ ಈಗ ಕಂಡಕ್ಟರ್ ಅಲ್ಲ.”

“ಎಲ್ಲಾ ಗೊತ್ತೈತಿ. ಕೈ ಹಿಡಿ, ಮೆಟ್ಲು ತೊಯ್ದೈತಿ.”

ಅವನು ಕೈ ಹಿಡಿದ. ಗುರುಬಸಮ್ಮ ಒಂದೊಂದೇ ಮೆಟ್ಟಿಲು ಹತ್ತಿ, ಒಳಗೆ ಹೋಗಿ, ಮುಂದಿನ ಸೀಟಿನಲ್ಲಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯಿಂದ ಶೆಡ್ಡಿನ ಗೋಡೆ ನೋಡಿದಳು, ಹೊಲ ನೋಡಿದ ಹಾಗೆ. ಎರ್ರಿಸ್ವಾಮಿ ಬಾಗಿಲಲ್ಲೇ ನಿಂತಿದ್ದ. ಬಾಯಿ ತೆರೆದರೆ ಅಳು ಬರುತ್ತದೆಂದು ಗೊತ್ತಿತ್ತು. ಆದರೂ ಕೇಳಿದ.

“ಎಲ್ಲಿಗಕ್ಕಾ?”

“ಎಲ್ಲಿಗೂ ಇಲ್ಲ. ನಿನ್ನ ಬಸ್ಸಿನಾಗ ಒಂದಿಷ್ಟು ಹೊತ್ತು ಕುಂದ್ರತೀನಿ,” ಎಂದಳು. ಪಕ್ಕಕ್ಕೆ ಸರಿದು ಸೀಟು ತಟ್ಟಿದಳು. “ನೀನೂ ಬಾ. ಕಂಡಕ್ಟರ್ ಆದಾಗಿಂದ ನಿಂತ ಅದಿ. ಕುಂದ್ರು ಬಾ, ಮಗಾ.”

ಅವನು ಹೋಗಿ ಅಕ್ಕನ ಪಕ್ಕದಲ್ಲಿ ಕೂತ.